ಮೂಟೆ ಮೇಲೆ ಕೂತವರಿಗೆ ವಿಮೆ ಇಲ್ಲ!

ನಮ್ಮದು ಮಾಗಡಿ ಕಡೆ ಎರಡೆಕರೆ ಖುಷ್ಕಿ. ಕಾರ್ತಿಕದ ಕೊನೇ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆಗೆ ಕಾಯಿ ಒಯ್ಯುವುದು ಅಪ್ಪನ ಕಾಲದಿಂದ ರೂಢಿ. 2022ರಲ್ಲಿ ನನ್ನ ಪಿಕಪ್ಪಿನಲ್ಲೇ ಮೂಟೆ ಹೇರಿ ಹೊರಟೆ. ಪಕ್ಕದ ಹೊಲದ ಅಣ್ಣನಿಗೂ ಪರಿಷೆ ನೋಡುವ ಆಸೆ. "ಹತ್ತಣ್ಣ, ಜಾಗ ಐತೆ" ಅಂದವನು ನಾನೇ. ಅವರು ಮೂಟೆ ಮೇಲೆ ಕೂತರು.

ಚಾಮರಾಜಪೇಟೆ ದಾಟುವಾಗ ಇನ್ನೂ ನಸುಕು. ಒನ್‌ವೇ ರಸ್ತೆಯಲ್ಲಿ ಸ್ಕೂಟರೊಂದು ಎದುರಿಗೇ ಬಂತು. ನನ್ನ ವೇಗವೂ ಜಾಸ್ತಿ ಇತ್ತು. ಬ್ರೇಕ್ ಒತ್ತಿದರೂ ತಾಗಿತು. ಸವಾರರ ಕೈ ಮುರಿಯಿತು. ಮೇಲಿದ್ದ ಅಣ್ಣ ಕೆಳಗೆ ಬಿದ್ದು ತೊಡೆಮೂಳೆ ಮುರಿದುಕೊಂಡರು.

ಜನ ಸೇರಿದರು. "ದೊಡ್ಡ ಗಾಡೀದೇ ತಪ್ಪು" ಅಂದರು ಕೆಲವರು. "ಏನಾದ್ರೂ ಕೊಟ್ಟು ಹೊರಡಪ್ಪ" ಅಂದರು ಇನ್ನು ಕೆಲವರು. ಹೂ ಮಾರುವ ಹಿರಿಯರೊಬ್ಬರು, "ಮೊದ್ಲು ಆಸ್ಪತ್ರೆ, ಆಮೇಲೆ ಪೊಲೀಸು, ಆಮೇಲೆ ಇನ್ಶೂರೆನ್ಸ್‌ನೋರಿಗೆ ತಿಳಿಸು" ಎಂದರು. ಹಾಗೇ ಮಾಡಿದೆ. ಅದೇ ನನ್ನನ್ನು ಅರ್ಧ ಉಳಿಸಿತು.

ತಪ್ಪು ಬೇರೆ, ದುಡ್ಡು ಬೇರೆ

ಎಫ್.ಐ.ಆರ್. ಆದದ್ದು ನನ್ನ ಮೇಲೆ. ಆದರೆ ಅದೇ ಕೊನೆಯಲ್ಲ. ಪರಿಹಾರಕ್ಕಾಗಿ ತಪ್ಪಿನ ಪಾಲು ಹಂಚುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ನನ್ನದು ನೂರಕ್ಕೆ 70, ಸ್ಕೂಟರಿನವರದು 30 ಎಂದಿತು. ಅವರ ಪಾಲು ಕಳೆದು ಉಳಿದ ಪರಿಹಾರವನ್ನು ನನ್ನ ವಿಮಾ ಕಂಪೆನಿ ಕೊಟ್ಟಿತು. ಲೈಸೆನ್ಸ್, ಎಫ್.ಸಿ., ವಿಮೆ ಮೂರೂ ಚಾಲ್ತಿಯಲ್ಲಿದ್ದವು. ನನ್ನದು ಬರೀ ಥರ್ಡ್ ಪಾರ್ಟಿ ವಿಮೆಯಾದ್ದರಿಂದ ಪಿಕಪ್ಪಿನ ರಿಪೇರಿ ಮಾತ್ರ ಕೈಯಿಂದಲೇ.

ಎಳ್ಳಷ್ಟೂ ತಪ್ಪಿಲ್ಲದ ಅಣ್ಣನಿಗೆ ನನ್ನ ವಿಮೆಯಿಂದ ಬಿಡಿಗಾಸೂ ಇಲ್ಲ! 1994ರ ತಿದ್ದುಪಡಿಯ ನಂತರ ಸರಕು ಗಾಡಿಯಲ್ಲಿ ಸರಕಿನ ಒಡೆಯರಿಗೆ, ಇಲ್ಲವೇ ಅವರ ಪ್ರತಿನಿಧಿಗೆ ವಿಮೆಯ ರಕ್ಷಣೆ ಉಂಟು. ಅದೂ ಕ್ಯಾಬಿನ್ನಿನಲ್ಲಿ ಕೂತಿದ್ದರೆ. ಸುಮ್ಮನೆ ಹತ್ತಿಸಿಕೊಂಡವರಿಗೆ ಇಲ್ಲ. ಅಣ್ಣ ಕೇಸು ಹಾಕಲಿಲ್ಲ. ಹಾಕಿದ್ದರೆ ನನ್ನ ಪಾಲಿನದು ನನ್ನ ತಲೆಗೇ ಬರುತ್ತಿತ್ತು. ಎರಡು ವರ್ಷದ ಕಡಲೆಕಾಯಿ ದುಡ್ಡು ಅವರ ಆಪರೇಷನ್ನಿಗೆ ಹೋಯಿತು. ಅವರ ಕುಂಟು ಮಾತ್ರ ಹಾಗೇ ಉಳಿಯಿತು.

ನೆನಪಿರಲಿ

* ಪರಿಹಾರದ ಅರ್ಜಿಯನ್ನು 6 ತಿಂಗಳೊಳಗೆ ಹಾಕಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಬಂದಿದೆ. ತಡ ಮಾಡಬೇಡಿ.

* ಅಪಘಾತ ಬೆಂಗಳೂರಿನಲ್ಲಾದರೂ, ನೊಂದವರು ತಾವು ವಾಸಿಸುವ ಕಡೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು.

* ಯಾರ ತಪ್ಪೆಂದು ಸಾಬೀತು ಮಾಡದೆಯೇ ಕೇಳಬಹುದಾದ ಪರಿಹಾರವೂ ಇದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ.

* ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ಇಲ್ಲದಿದ್ದರೆ ಪರಿಹಾರದ ಹೊರೆ ಗಾಡಿ ಒಡೆಯನದೇ.

ಈಗಲೂ ಪರಿಷೆಗೆ ಹೋಗುತ್ತೇನೆ. ಮೂಟೆ ಪಿಕಪ್ಪಿನಲ್ಲಿ, ಅಣ್ಣ ಬಸ್ಸಿನಲ್ಲಿ. ಟಿಕೆಟ್ ನನ್ನದು.