ಯಾರ ವೀಳ್ಯ, ಯಾರ ವಕಾಲತ್ತು?

ತರೀಕೆರೆಗೆ ಸಮೀಪದ ಅಮೃತಾಪುರದ ದೇವಾಲಯವನ್ನು 1196ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ಕಟ್ಟಿಸಿದನೆಂದೂ, ಅಲ್ಲಿಯ ಶಾಸನವನ್ನು ರಚಿಸಿದವನು ಜನ್ನಕವಿಯೆಂದೂ ನಾಡಿನ ಇತಿಹಾಸವನ್ನು ಬಲ್ಲವರೆಲ್ಲರಿಗೂ ತಿಳಿದಿದೆ. ದಾನವನ್ನು ಕೊಟ್ಟವರಾರು, ಪಡೆದವರಾರು, ಯಾವ ಕಾರ್ಯಕ್ಕಾಗಿ ಎಂಬುದನ್ನು ಕಲ್ಲಿನಲ್ಲಿ ಕಂಡರಿಸಿ ಹತ್ತು ಜನರ ಕಣ್ಣಿಗೆ ಬೀಳುವಂತೆ ನಿಲ್ಲಿಸುವುದು ಆ ಕಾಲದ ಪದ್ಧತಿ. ದಾನ ಪಡೆದೂ ದಾನಿಯ ಹೆಸರನ್ನು ಮರೆಮಾಚುವ ವಿದ್ಯೆ ಈಚಿನದು. ರೋಗಿಗಳ ಹಾಗೂ ಬಳಕೆದಾರರ ಹಿತವನ್ನು ಕಾಯುವೆವೆಂದು ಹೊರಟ ಸಂಘಸಂಸ್ಥೆಗಳಲ್ಲಿಯೂ ಆ ವಿದ್ಯೆ ಹೊಕ್ಕಿರುವುದರಿಂದ ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕಾಗಿದೆ.

ಅಮೃತಾಪುರದ ಸುತ್ತಣದು ಅಡಿಕೆಯ ಸೀಮೆ. ಮಗಳ ಮದುವೆ, ಮಗನ ಓದು, ಕೊಳವೆಬಾವಿಯ ಸಾಲ, ಎಲ್ಲವೂ ಇಲ್ಲಿ ಕೆಂಪಡಿಕೆಯ ಧಾರಣೆಯನ್ನೇ ನಂಬಿಕೊಂಡಿವೆ. ಇದೇ ಅಡಿಕೆಯನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2003ರಲ್ಲಿ ಸಭೆ ಸೇರಿ, ತಂಬಾಕಿಲ್ಲದ ತಾಂಬೂಲವೂ ಬರಿಯ ಅಡಿಕೆಯೂ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿ ಅವನ್ನು ಪ್ರಥಮ ವರ್ಗಕ್ಕೆ ಸೇರಿಸಿತು. 1985ರಲ್ಲಿ ಇದೇ ಮಂಡಲಿಯು ತಂಬಾಕು ಬೆರೆತ ತಾಂಬೂಲವನ್ನು ಮಾತ್ರ ದೂಷಿಸಿ, ತಂಬಾಕಿಲ್ಲದುದರ ವಿಷಯದಲ್ಲಿ ಸಾಕ್ಷ್ಯ ಸಾಲದೆಂದಿತ್ತು. ತಂಬಾಕನ್ನು ಬೆರೆಸದೆ ಅಡಿಕೆ ಜಗಿಯುವ ತೈವಾನ್ ದ್ವೀಪದಿಂದ ನಡುವೆ ಬಂದ ಸಾಕ್ಷ್ಯವು ಆ ತೀರ್ಪು ಬದಲಾಗಲು ಮುಖ್ಯ ಕಾರಣವಾಯಿತು. ಬಾಯೊಳಗಿನ ಪದರವು ಗಡುಸಾಗಿ, ದವಡೆ ಬಿಗಿದು, ಕಡೆಗೆ ತುತ್ತು ಹಿಡಿಸುವಷ್ಟೂ ಬಾಯಿ ತೆರೆಯದಂತಾಗುವ ರೋಗವಂತೂ ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಭಾರತೀಯ ಸ್ತ್ರೀಯರಲ್ಲಿ 1952ರಲ್ಲಿಯೇ ಕಂಡು ವೈದ್ಯಗ್ರಂಥಗಳನ್ನು ಸೇರಿದೆ. ಅದಕ್ಕೆ ಮುಖ್ಯ ಕಾರಣ ಅಡಿಕೆಯೆಂದು ಅನಂತರ ಗೊತ್ತಾಯಿತು.

ಮಾತು ವೈದ್ಯರ ಕೋಣೆಯಿಂದ ಮಂಡಿಗೆ ಬಂದದ್ದು ನ್ಯಾಯಾಲಯದ ಮೂಲಕ. 2010ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಮರುವರ್ಷದ ಮಾರ್ಚಿನಿಂದ ಗುಟ್ಕಾವನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರಕೂಡದೆಂದು ಆಜ್ಞೆ ಮಾಡಿತು. ಆ ವ್ಯಾಜ್ಯವನ್ನು ಹೂಡಿದ್ದು ರಾಜಸ್ಥಾನದಲ್ಲಿ ಉಬ್ಬಸದ ರೋಗಿಗಳಿಗಾಗಿ ಇರುವ ಒಂದು ಸಂಘ. ಉಬ್ಬಸಕ್ಕೂ ಗುಟ್ಕಾಕ್ಕೂ ಏನು ನಂಟು, ಇದರ ಹಿಂದೆ ಯಾರ ಹಣವಿದೆ ಎಂದು ಬೆಳೆಗಾರನು ಕೇಳಿದರೆ ಅದನ್ನು ಅಪರಾಧವೆನ್ನಲಾಗದು. ಆ ಸಂಘದ ಮೇಲೆ ನಾವು ಯಾವ ದೋಷವನ್ನೂ ಹೊರಿಸುವುದಿಲ್ಲ. ಆದರೆ ರೋಗಿಯ ಪರವಾಗಿ ನಿಂತವನನ್ನು ನಿನ್ನ ಖರ್ಚು ನಡೆಸುವವರಾರೆಂದು ಕೇಳುವ ಹಕ್ಕು ಎಲ್ಲರಿಗೂ ಇದೆ. 2013ರ ಮೇ ತಿಂಗಳ ಕೊನೆಯಲ್ಲಿ ನಮ್ಮ ರಾಜ್ಯವು ಗುಟ್ಕಾವನ್ನು ನಿಷೇಧಿಸಿದಾಗ, ಇದು ಸಿಗರೇಟು ಕಂಪನಿಗಳ ಹೂಟವೆಂಬ ಕೂಗು ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಎದ್ದಿತು. ಒಬ್ಬನ ಸರಕು ನಿಂತರೆ ಇನ್ನೊಬ್ಬನ ಸರಕಿಗೆ ಗಿರಾಕಿ ಹೆಚ್ಚುವುದು ವ್ಯಾಪಾರಧರ್ಮವಾದ್ದರಿಂದ ಸಂಶಯವು ಸಹಜ. ಸಂಶಯವೇ ಪುರಾವೆಯಾಗದೆಂಬುದೂ ಅಷ್ಟೇ ನಿಜ. (ನಿಷೇಧದ ಫಲವೇನಾಯಿತೆಂದು ಕೇಳುವವರು ಯಾವುದಾದರೂ ಗೂಡಂಗಡಿಯ ಮುಂದೆ ನಿಂತು ನೋಡಬಹುದು: ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಬೆರಕೆ ಗಿರಾಕಿಯ ಅಂಗೈಯಲ್ಲಿ.)

ಇನ್ನು ಬೆಳೆಗಾರರ ಪಕ್ಷ. ತಾಂಬೂಲವು ದೇವರಿಗೂ ಅತಿಥಿಗೂ ಸಲ್ಲುವ ಮಂಗಳದ್ರವ್ಯ, ಆಯುರ್ವೇದದಲ್ಲಿ ಅದಕ್ಕೆ ಸ್ಥಾನವಿದೆ, ಆದಕಾರಣ ಅದು ನಿರಪಾಯ ಎಂಬುದು ಅವರ ವಾದ. ಆದರೆ ತರೀಕೆರೆ, ಚನ್ನಗಿರಿ, ಶಿವಮೊಗ್ಗದ ಕೆಂಪಡಿಕೆಯ ಬಹುಭಾಗವು ಹೋಗುವುದು ದೇವರ ತಟ್ಟೆಗಲ್ಲ, ಉತ್ತರ ಹಿಂದೂಸ್ಥಾನದ ಪಾನ್ ಮಸಾಲೆಯ ಕಾರ್ಖಾನೆಗಳಿಗೆ. ಧಾರಣೆಯನ್ನು ಏರಿಸುವುದೂ ಇಳಿಸುವುದೂ ಅವುಗಳ ಬೇಡಿಕೆಯೇ. ತಟ್ಟೆಯನ್ನು ಮುಂದೆ ಹಿಡಿದು ಪೊಟ್ಟಣದ ಪರ ವಾದಿಸುವುದು ಸರಿಯಾದ ನ್ಯಾಯವಲ್ಲ. ರಾಜ್ಯ ಸರ್ಕಾರದ ಅಡಿಕೆ ಕಾರ್ಯಪಡೆಯು ಬೆಂಗಳೂರಿನ ವಿಶ್ವವಿದ್ಯಾನಿಲಯವೊಂದಕ್ಕೆ ಸಂಶೋಧನೆಯ ಭಾರವನ್ನು ವಹಿಸಿತ್ತು. ಅಡಿಕೆಯ ಧಾರಣೆಯನ್ನು ರಕ್ಷಿಸಬೇಕಾದ ಪಡೆಯೇ ಅಡಿಕೆಯ ಗುಣದೋಷಗಳ ಪರೀಕ್ಷೆಗೆ ಹಣ ಕೊಟ್ಟರೆ, ಫಲಿತಾಂಶವು ಸತ್ಯವಾಗಿದ್ದರೂ ನಂಬುವವರು ವಿರಳ. ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಕೇಂದ್ರ ಸಂಶೋಧನಾಲಯದ ಮುಂದಾಳುತನದಲ್ಲಿ ಕೇಂದ್ರ ಸರ್ಕಾರವು ಕೈಗೊಂಡ ಹೊಸ ಪರಿಶೋಧನೆಯಲ್ಲಿ ವೈದ್ಯಸಂಸ್ಥೆಗಳನ್ನೂ ಸೇರಿಸಿಕೊಂಡಿರುವುದು ಮೆಚ್ಚತಕ್ಕ ವಿಷಯ. ಆದರೂ ಬೆಳೆಯ ಇಳುವರಿಯನ್ನು ಹೆಚ್ಚಿಸಲೆಂದೇ ಹುಟ್ಟಿದ ಸಂಸ್ಥೆಯನ್ನು ಆ ಬೆಳೆಯ ನ್ಯಾಯಾಧಿಪತಿಯ ಪೀಠದಲ್ಲಿ ಕೂರಿಸುವುದು ನಮಗೆ ಅಷ್ಟಾಗಿ ಹಿಡಿಸಿಲ್ಲ. ಒಂದು ಮಾತನ್ನು ಬೆಳೆಗಾರರ ಪರವಾಗಿಯೂ ಹೇಳಬೇಕು: 1973ರಲ್ಲಿ ಸ್ಥಾಪಿತವಾದ ಕ್ಯಾಂಪ್ಕೊ ಆಗಲಿ, ಶಿವಮೊಗ್ಗದ ಮಾಮ್ಕೋಸ್ ಆಗಲಿ ತಾವು ಅಡಿಕೆಯವರೆಂಬುದನ್ನು ಮುಚ್ಚಿಟ್ಟಿಲ್ಲ. ಹೆಸರಿನಲ್ಲಿಯೇ ಅವರ ಹಿತ ಬರೆದಿದೆ.

ಎದುರು ಪಕ್ಷದಲ್ಲಿ ತಂಬಾಕಿನ ವಿರುದ್ಧ ದುಡಿಯುವ ಅನೇಕ ಸಂಸ್ಥೆಗಳಿಗೆ ಅಮೆರಿಕದ ಧನಿಕ ಬ್ಲೂಮ್‌ಬರ್ಗ್ ಅವರ ನಿಧಿಯಿಂದ 2006ರಿಂದೀಚೆಗೆ ಹಣ ಒದಗಿದೆ. ಕೇಂದ್ರ ಗೃಹ ಇಲಾಖೆಯು 2017ರ ಏಪ್ರಿಲಿನಲ್ಲಿ ಪಬ್ಲಿಕ್ ಹೆಲ್ತ್ ಫೌಂಡೇಷನ್ನಿನ ವಿದೇಶೀ ದೇಣಿಗೆಯ ಪರವಾನಗಿಯನ್ನು ರದ್ದುಪಡಿಸಿದಾಗ, ಆ ಹಣದಿಂದ ತಂಬಾಕಿನ ವಿಷಯದಲ್ಲಿ ವಶೀಲಿ ನಡೆಸಿದರೆಂಬುದೂ ಆಕ್ಷೇಪಗಳಲ್ಲೊಂದಾಗಿತ್ತು. ಈ ದಾನಿ ಬೀಡಿಯನ್ನೂ ಮಾರುವುದಿಲ್ಲ, ಅಡಿಕೆಯನ್ನೂ ಮಾರುವುದಿಲ್ಲ. ಆದ್ದರಿಂದ ಆ ಹಣವನ್ನು ಕಂಪನಿಯ ಹಣದೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಯಾವ ರೋಗದ ಮಾತು ಮೊದಲು, ಯಾವುದು ಆಮೇಲೆ ಎಂಬುದನ್ನು ದೂರದ ದಾನಿಯೇ ಗೊತ್ತುಮಾಡುವಂತಾಗುತ್ತದೆ. ತಂಬಾಕಿಗೆ ರಾಷ್ಟ್ರಗಳ ಒಡಂಬಡಿಕೆಯುಂಟು, ಅಡಿಕೆಗೆ ಇಲ್ಲ.

ಸರ್ಕಾರವೇ ಎರಡು ದೋಣಿಯಲ್ಲಿ ಕಾಲಿಟ್ಟದ್ದನ್ನೂ ಬೆಂಗಳೂರು ಕಂಡಿದೆ. 2010ರ ಅಕ್ಟೋಬರಿನಲ್ಲಿ ತಂಬಾಕು ಉದ್ಯಮದವರ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಕೇಂದ್ರದ ತಂಬಾಕು ಮಂಡಲಿಯು ಪೋಷಕತ್ವ ವಹಿಸಿತ್ತು. ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಎಂಬ ಸಂಸ್ಥೆಯು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಮಂಡಲಿ ಹಿಂದೆ ಸರಿಯಿತು.

ರೋಗಿಗಳ ಹೆಸರಿನಲ್ಲಿಯೇ ಸಂಘ ಕಟ್ಟಿ, ಔಷಧ ಮಾರುವವರ ಹಣದಿಂದ ಅದನ್ನು ನಡೆಸುವ ಕಲೆ ಅಮೆರಿಕದಲ್ಲಿ ಪೂರ್ಣತೆಗೆ ಮುಟ್ಟಿದೆ. ನೋವಿನಿಂದ ನರಳುವವರ ಪರವಾಗಿದ್ದ ಅಮೆರಿಕನ್ ಪೇನ್ ಫೌಂಡೇಷನ್ ಎಂಬ ಸಂಸ್ಥೆಗೆ 2010ರಲ್ಲಿ ಬಂದ ಸುಮಾರು 50 ಲಕ್ಷ ಡಾಲರಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಔಷಧ ಹಾಗೂ ವೈದ್ಯೋಪಕರಣಗಳ ಕಂಪನಿಗಳದು. ಅಫೀಮಿನ ಜಾತಿಯ ನೋವುನಿವಾರಕಗಳಿಂದ ಚಟ ಹತ್ತುವ ಭಯವನ್ನು ಅದು ಹಗುರಮಾಡಿ ಹೇಳುತ್ತಿತ್ತು. ಸೆನೆಟ್ ಸಭೆಯ ಸಮಿತಿ 2012ರ ಮೇ ತಿಂಗಳಲ್ಲಿ ವಿಚಾರಣೆಗೆ ತೊಡಗಿದೊಡನೆ ಸಂಸ್ಥೆಯು ಬಾಗಿಲು ಮುಚ್ಚಿತು. ಐದು ವರ್ಷಗಳ ತರುವಾಯ ಅಲ್ಲಿಯ ಪ್ರಸಿದ್ಧ ವೈದ್ಯಪತ್ರಿಕೆಯೊಂದು 104 ದೊಡ್ಡ ರೋಗಿಸಂಘಗಳನ್ನು ಪರಿಶೀಲಿಸಿದ ವರದಿಯನ್ನು ಪ್ರಕಟಿಸಿತು: ನೂರಕ್ಕೆ 83 ಸಂಘಗಳು ಕಂಪನಿಗಳ ಹಣ ಪಡೆದಿದ್ದವು, ಇಂಥ ಇಬ್ಬಗೆಯ ಹಿತದ ವಿಷಯದಲ್ಲಿ ತಮ್ಮ ನಿಯಮವನ್ನು ಪ್ರಕಟಿಸಿದ್ದವು ನೂರಕ್ಕೆ 12 ಮಾತ್ರ.

ನಮ್ಮಲ್ಲಿ ಇದರ ರೂಪ ಬೇರೆ. ರಕ್ತದ ಕ್ಯಾನ್ಸರಿನ ಗ್ಲಿವೆಕ್ ಔಷಧದ ಮೇಲೆ ನೊವಾರ್ಟಿಸ್ ಕಂಪನಿಯು ಏಕಸ್ವಾಮ್ಯ ಬೇಡಿದಾಗ, ತಿಂಗಳಿಗೆ ಲಕ್ಷ ರೂಪಾಯಿಗೆ ಮೀರಿದ ಬೆಲೆಯನ್ನು ಸಮರ್ಥಿಸಲು ತಾನು ಸಾವಿರಾರು ರೋಗಿಗಳಿಗೆ ಅದನ್ನು ಧರ್ಮಾರ್ಥವಾಗಿ ಕೊಡುತ್ತಿರುವೆನೆಂದಿತು. ಬೇಡಿಕೆಯನ್ನು ಎದುರಿಸಿದವರಲ್ಲಿ ಮುಂಬಯಿಯ ಕ್ಯಾನ್ಸರ್ ಪೇಷೆಂಟ್ಸ್ ಏಡ್ ಅಸೋಸಿಯೇಷನ್ ಮುಖ್ಯವಾದುದು. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವು ಕಂಪನಿಯ ಬೇಡಿಕೆಯನ್ನು ತಳ್ಳಿಹಾಕಿತು. ಪುಕ್ಕಟೆ ಮಾತ್ರೆಯಿಂದ ಬದುಕಿದ್ದ ರೋಗಿ ಆ ವ್ಯಾಜ್ಯದಲ್ಲಿ ಏನು ಹೇಳಬಲ್ಲವನಾಗಿದ್ದನು? ಉಂಡ ಮನೆಗೆ ಎರಡು ಬಗೆಯಬಾರದೆಂಬುದು ನಮ್ಮ ಜನರ ರಕ್ತದಲ್ಲಿಯೇ ಇರುವ ಗುಣ. ಆ ಸದ್ಗುಣವೇ ಇಲ್ಲಿ ಬಾಯಿಗೆ ಬೀಗವಾಗುತ್ತದೆ.

ಇದನ್ನು ತಡೆಯುವ ಕಾನೂನು ಅಸಾಧ್ಯವೆಂದಲ್ಲ. ಶಿಶು ಆಹಾರವನ್ನು ಕುರಿತ 1992ರ ಕಾನೂನು, 2003ರ ತಿದ್ದುಪಡಿಯೊಡನೆ, ಹಾಲುಪುಡಿಯ ಕಂಪನಿಗಳು ವೈದ್ಯರಿಗಾಗಲಿ ಅವರ ಸಂಘಗಳಿಗಾಗಲಿ ಯಾವ ಸಹಾಯವನ್ನೂ ಕೊಡಕೂಡದೆಂದು ವಿಧಿಸಿದೆ. ಹಾಲುಪುಡಿಗೆ ಹಾಕಿದ ಬೇಲಿ ಹಣ್ಣಿನ ರಸಕ್ಕೆ ಇರಲಿಲ್ಲ. ಭಾರತೀಯ ವೈದ್ಯರ ಸಂಘವು 2008ರಲ್ಲಿ ಪೆಪ್ಸಿ ಕಂಪನಿಯಿಂದ ಹಣ ಪಡೆದು ಅದರ ಹಣ್ಣಿನ ರಸಕ್ಕೂ ಓಟ್ಸ್ ಧಾನ್ಯಕ್ಕೂ ತನ್ನ ಮುದ್ರೆಯನ್ನು ಒತ್ತಿಕೊಟ್ಟಿತು. ಮೆಡಿಕಲ್ ಕೌನ್ಸಿಲು ಅದನ್ನು ಆಕ್ಷೇಪಿಸಲು 2010 ಬರಬೇಕಾಯಿತು. 2024ರಲ್ಲಿ ಕೇಂದ್ರವು ಹೊರಡಿಸಿದ ಔಷಧ ಮಾರಾಟದ ಸಂಹಿತೆಯೂ ಮುಖ್ಯವಾಗಿ ವೈದ್ಯರನ್ನು ಕುರಿತದ್ದು. ರೋಗಿಗಳ ಸಂಘವು ಯಾರಿಂದ ಎಷ್ಟು ಪಡೆಯಿತೆಂಬುದನ್ನು ಜಾಹೀರುಮಾಡಬೇಕೆಂಬ ನಿಯಮ ಬರಬೇಕಾಗಿದೆ.

ನಮ್ಮ ನಾಡಿನಲ್ಲಿ ಒಂದು ಕಾರ್ಯವನ್ನು ಹೊತ್ತವನು ಹತ್ತು ಜನರ ಮುಂದೆ ವೀಳ್ಯ ಹಿಡಿಯುತ್ತಿದ್ದನು. ಯಾರ ವೀಳ್ಯವೆಂಬುದು ಸಭೆಗೆ ಗೊತ್ತಿರುತ್ತಿತ್ತು. ಆರೋಗ್ಯದ ಹೆಸರಿನಲ್ಲಿ ತಾಲ್ಲೂಕು ಕಛೇರಿಗೆ ಮನವಿ ತರುವ ಸಂಘವು ಯಾವುದೇ ಇರಲಿ, ತನಗೆ ಹಣ ಕೊಟ್ಟವರ ಪಟ್ಟಿಯನ್ನು ಮನವಿಯೊಡನೆ ಲಗತ್ತಿಸಲಿ. ರಾಜ್ಯದ ಸಂಘಗಳ ನೋಂದಣಿ ಕಾನೂನು ಬಂದದ್ದು 1960ರಲ್ಲಿ. ವರ್ಷಾವಧಿ ಲೆಕ್ಕಪತ್ರ ಸಲ್ಲಿಸುವುದು ಸಂಘಗಳಿಗೆ ಹೊಸದೇನೂ ಅಲ್ಲ. ಪಟ್ಟಿಯನ್ನು ಕೇಳುವ ಅಧಿಕಾರಿಗೆ ಖರ್ಚಾಗುವುದು ಒಂದು ಹಾಳೆ ಕಾಗದ.

ಕ್ಯಾಂಪ್ಕೊ ಹುಟ್ಟಿದ 1973ರಲ್ಲಿಯೇ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ ಆರಂಭವಾಯಿತು. ಅಲ್ಲಿಯ ಸಾಲಿನಲ್ಲಿ ದವಡೆಗೆ ವಸ್ತ್ರ ಕಟ್ಟಿಕೊಂಡು ನಿಂತವನು ಅಮೃತಾಪುರದ ಕಡೆಯ ಎರಡೆಕರೆ ತೋಟದ ಒಡೆಯನೇ ಆಗಿರಬಹುದು. ಜೇಬಿನಲ್ಲಿ ಸಹಕಾರ ಸಂಘದ ಷೇರು, ಮನೆಯ ಅಟ್ಟದಲ್ಲಿ ಧಾರಣೆಗೆ ಕಾದ ಮೂಟೆ. ಬೆಳೆಗಾರರ ಸಂಘ ಅವನನ್ನು ತನ್ನವನೆನ್ನುತ್ತದೆ, ತಂಬಾಕು ವಿರೋಧಿಗಳೂ ತಮ್ಮವನೆನ್ನುತ್ತಾರೆ. ಅಡಿಕೆ ಬಿಟ್ಟು ಏನು ಬೆಳೆಯಲಿ, ಸಾಲ ಯಾರು ತೀರಿಸುತ್ತಾರೆ ಎಂದು ಅವನು ಕೇಳಬೇಕಾದ ಪ್ರಶ್ನೆಗೆ ಇಬ್ಬರ ಮನವಿಯಲ್ಲಿಯೂ ಉತ್ತರವಿಲ್ಲ.