ಗಡಿಯಾಚೆ ಉಳಿದ ಹಣ

ಕಟಕೋಳದಿಂದ ಸವದತ್ತಿಗೆ ಹೊರಟವನಿಗೆ ಇಂದು ದಾರಿಯಲ್ಲಿ ಯಾವ ಗಡಿಯೂ ಎದುರಾಗದು. ಎರಡೂ ಬೆಳಗಾವಿ ಜಿಲ್ಲೆಯ ಊರುಗಳೇ. ಆದರೆ 1948ರ ಮಾರ್ಚ್ ತಿಂಗಳಿಗೆ ಮೊದಲು ಈ ಸೀಮೆಯ ನಕ್ಷೆಯು ತೇಪೆ ಹಚ್ಚಿದ ಕೌದಿಯಂತಿತ್ತು. ರಾಮದುರ್ಗವು ಭಾವೆ ಮನೆತನದ ಸಂಸ್ಥಾನ. ಸವದತ್ತಿಯು ಆಂಗ್ಲರ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಸಂಸ್ಥಾನದ ಕೋರ್ಟು ಕೊಟ್ಟ ಡಿಕ್ರಿಯು, ಸರಕಾರ ವಿಶೇಷ ಪ್ರಕಟಣೆಯಿಂದ ಮನ್ನಿಸಿದ್ದ ಹೊರತು, ಗಡಿ ದಾಟಿದೊಡನೆ ಪರರಾಜ್ಯದ ಡಿಕ್ರಿಯಾಗುತ್ತಿತ್ತು.

ಈ ತೊಡಕು ಎಷ್ಟು ದೊಡ್ಡದೆಂಬುದನ್ನು ಪಂಜಾಬಿನ ಒಂದು ವ್ಯಾಜ್ಯ ತೋರಿಸಿತು. ಫರೀದಕೋಟದ ರಾಜನು ತನ್ನ ಮಾಜಿ ಖಜಾಂಚಿಯಿಂದ ಹಣ ಬರಬೇಕೆಂದು ತನ್ನ ಸಂಸ್ಥಾನದ ಕೋರ್ಟಿನಲ್ಲಿಯೇ ದಾವೆ ಹೂಡಿದನು. ಖಜಾಂಚಿಯು ಆ ವೇಳೆಗೆ ಝಿಂದ್ ಸಂಸ್ಥಾನಕ್ಕೆ ಮರಳಿದ್ದನು, ಕೋರ್ಟಿಗೆ ಹಾಜರಾಗಲಿಲ್ಲ. ಏಕಪಕ್ಷೀಯವಾಗಿ ದೊರೆತ ಆ ಡಿಕ್ರಿಗೆ ಫರೀದಕೋಟದ ಹೊರಗೆ ಬೆಲೆಯಿಲ್ಲವೆಂದು 1894ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ರಾಜನಾದರೇನು, ಅವನ ಕೋರ್ಟಿನ ಕೈ ಅವನ ಎಲ್ಲೆಯವರೆಗೆ ಮಾತ್ರ.

ಕನ್ನಡ ನಾಡಿನಲ್ಲಿಯೂ ಇಂಥದೊಂದು ಪ್ರಸಂಗ ನಡೆಯಿತು. 1942ರಲ್ಲಿ ತೀರಿಕೊಂಡ ಬೆಂಗಳೂರಿನ ಒಬ್ಬ ಶ್ರೀಮಂತರ ಆಸ್ತಿಯು ಮೈಸೂರು ಸಂಸ್ಥಾನ, ಮದರಾಸು ಪ್ರಾಂತಗಳೆರಡರಲ್ಲೂ ಹರಡಿತ್ತು. ಅವರು ಉಯಿಲು ಬರೆದಿದ್ದರು; ಆಸ್ತಿ ಕೂಡುಕುಟುಂಬದ್ದೆಂದು ಮಕ್ಕಳು ವಾದಿಸಿದರು. ಇಪ್ಪತ್ತು ವರ್ಷಗಳ ತರುವಾಯ, 1962ರಲ್ಲಿ, ಸುಪ್ರೀಂ ಕೋರ್ಟು ಗೆರೆಯೆಳೆಯಿತು: ಮೈಸೂರಿನ ತೀರ್ಪು ಚರಾಸ್ತಿಯ ಮಟ್ಟಿಗೆ ಕಟ್ಟುಪಾಡು, ಮದರಾಸಿನ ನೆಲಮನೆಗಳ ಹಕ್ಕನ್ನು ನಿರ್ಣಯಿಸುವ ಅಧಿಕಾರ ಅದಕ್ಕಿಲ್ಲ.

ಸಂಸ್ಥಾನಗಳು ಅಳಿದವು, ಪ್ರಶ್ನೆ ಉಳಿಯಿತು. ಇಂದಿನ ಗಡಿ ಇನ್ನೂ ದೂರದ್ದು. ಹಳ್ಳಿಯ ತರುಣನೊಬ್ಬ ದುಬೈಯಲ್ಲಿ ದುಡಿಯುತ್ತಾನೆಂದೂ, ತಪ್ಪು ತಿಳಿವಳಿಕೆಯಿಂದ ಅಲ್ಲಿಯ ವರ್ತಕನಿಗೆ ಒಂದೇ ಬಾಕಿಯನ್ನು ಎರಡು ಸಲ ತೆತ್ತನೆಂದೂ ಭಾವಿಸೋಣ. ತಪ್ಪಿನಿಂದಲೋ ಬಲಾತ್ಕಾರದಿಂದಲೋ ಬಂದ ಹಣವನ್ನು ಪಡೆದವನು ಹಿಂದಿರುಗಿಸಲೇಬೇಕೆಂದು 1872ರ ಭಾರತೀಯ ಕರಾರು ಕಾಯಿದೆಯ 72ನೆಯ ಕಲಮು ಹೇಳುತ್ತದೆ. ನ್ಯಾಯವೇನೋ ಸರಳ, ಆದರೆ ಆ ವ್ಯವಹಾರಕ್ಕೆ ಯಾವ ದೇಶದ ಕಾಯಿದೆ ಅನ್ವಯಿಸುವುದು, ದಾವೆ ಎಲ್ಲಿ ಹೂಡುವುದು, ಗೆದ್ದ ಡಿಕ್ರಿಯನ್ನು ಎಲ್ಲಿ ಜಾರಿ ಮಾಡಿಸುವುದು?

ಪ್ರತಿವಾದಿ ನೆಲಸಿರುವಲ್ಲಿ, ಅವನ ಆಸ್ತಿ ಇರುವಲ್ಲಿ ಪಡೆದ ಡಿಕ್ರಿಯೇ ಬೇಗ ಫಲಿಸುವುದು. ಪರದೇಶದ ಡಿಕ್ರಿಯನ್ನು ಇಲ್ಲಿ ಮನ್ನಿಸುವ ಬಗೆಯನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ವಿಧಿಸಿದೆ. ಅಧಿಕಾರವಿಲ್ಲದ ಕೋರ್ಟು, ಗುಣಾವಗುಣ ನೋಡದ ತೀರ್ಪು, ವಂಚನೆ, ಸಹಜನ್ಯಾಯದ ಭಂಗ ಮೊದಲಾದ ದೋಷಗಳಿದ್ದರೆ 13ನೆಯ ಕಲಮಿನಂತೆ ಅದು ಬಂಧಕವಲ್ಲ. ದೋಷವಿಲ್ಲದೆ, ಸರಕಾರವು ಪರಸ್ಪರ ಮನ್ನಣೆಯ ಪಟ್ಟಿಗೆ ಸೇರಿಸಿದ ದೇಶದ್ದಾದರೆ, ಹಣದ ಡಿಕ್ರಿಯನ್ನು ನೇರವಾಗಿ ಜಿಲ್ಲಾ ಕೋರ್ಟಿನಲ್ಲಿ ಜಾರಿಗೆ ಹಾಕಬಹುದು. ಬ್ರಿಟನ್, ಸಿಂಗಾಪುರಗಳು ಆ ಪಟ್ಟಿಯಲ್ಲಿವೆ. ಸಂಯುಕ್ತ ಅರಬ್ ಸಂಸ್ಥಾನ 2020ರ ಜನವರಿಯಲ್ಲಿ ಸೇರಿತು. ಅಮೇರಿಕ ಇಲ್ಲ, ಅಲ್ಲಿಯ ತೀರ್ಪನ್ನು ಆಧಾರವಾಗಿಟ್ಟು 3 ವರ್ಷದೊಳಗೆ ಇಲ್ಲಿ ಹೊಸ ದಾವೆ ಹೂಡಬೇಕು.

ಇನ್ನೊಂದು ಸಮಾಧಾನವೂ ಉಂಟು. ನಮ್ಮ ಕೋರ್ಟಿನ ಡಿಕ್ರಿಯಂತೆ ಹಣ ತೆತ್ತ ಮೇಲೆ ಅಪೀಲಿನಲ್ಲಿ ಅದು ರದ್ದಾದರೆ, 144ನೆಯ ಕಲಮಿನ ಮೇರೆಗೆ ಕೋರ್ಟೇ ಆ ಹಣವನ್ನು ಮರಳಿ ಕೊಡಿಸಬೇಕು.

ಆದುದರಿಂದ ಪರದೇಶದಿಂದ ಸಮನ್ಸು ಬಂದರೆ ಗೂಡಿನಲ್ಲಿಟ್ಟು ಮರೆಯುವುದು ಜಾಣತನವಲ್ಲ. ಫರೀದಕೋಟದ ಖಜಾಂಚಿಗೆ ಒದಗಿದ ರಕ್ಷಣೆ ಎಲ್ಲರಿಗೂ ಒದಗದು. ಮಗ ಹಡಗಿನಲ್ಲೋ ವಿಮಾನದಲ್ಲೋ ಹೊರಡುವ ಮುನ್ನ ಬುತ್ತಿ ಕಟ್ಟುವ ಮನೆಯವರು, ರಸೀದಿ ಕರಾರುಗಳನ್ನು ಜೋಪಾನವಾಗಿಡೆಂದು ಒಂದು ಮಾತನ್ನೂ ಕಟ್ಟಿಕೊಟ್ಟರೆ ಮೇಲು.