ದೀಪದಡಿಯ ಬೆಳೆಗೆ ಕಡಿಮೆ ಖರ್ಚಿನ ಬೆಳಕುಮಾಪಕ: ಆಯ್ಕೆ ಹೇಗೆ?

ಎಲ್‌ಇಡಿ ದೀಪದಡಿ ಸೊಪ್ಪು ಬೆಳೆಯುವ ರೈತ ಬಾಂಧವರು ಬೆಳಕುಮಾಪಕ ಕೊಳ್ಳುವ ಮುನ್ನ ದೀಪದ ಬಣ್ಣವನ್ನು ಗಮನಿಸಬೇಕು. ಅಗ್ಗದ ಲಕ್ಸ್ ಮೀಟರ್ ಮನುಷ್ಯನ ಕಣ್ಣಿಗೆ ತೋರುವ ಪ್ರಕಾಶವನ್ನಷ್ಟೇ ಅಳೆಯುತ್ತದೆ. ಸಸ್ಯಗಳು ಆಹಾರ ತಯಾರಿಕೆಗೆ 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಬಳಸುತ್ತವೆ.

ಬಿಳಿ ಎಲ್‌ಇಡಿಗೆ ಲಕ್ಸ್ ಮೀಟರ್ ಸಾಕು. ಅದು ತೋರಿಸುವ ಅಂಕಿಯನ್ನು 70ರಿಂದ ಭಾಗಿಸಿದರೆ, ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ ದೊರೆಯುವ ಬೆಳಕು ಮೈಕ್ರೋಮೋಲ್‌ಗಳಲ್ಲಿ ಅಂದಾಜಾಗಿ ತಿಳಿಯುತ್ತದೆ. ಲೆಟ್ಯೂಸ್‌ಗೆ ದಿನಕ್ಕೆ 16 ಗಂಟೆ ಸುಮಾರು 200 ಮೈಕ್ರೋಮೋಲ್, ಅಂದರೆ 14,000 ಲಕ್ಸ್ ಒದಗಿಸಬೇಕು.

ಕೆಂಪು-ನೀಲಿ ದೀಪಗಳಿಗೆ ಈ ಲೆಕ್ಕ ಅನ್ವಯಿಸದು. ಅಲ್ಲಿ ಲಕ್ಸ್ ಮೀಟರ್ ಬೆಳಕನ್ನು ಕಡಿಮೆಯೆಂದು ತೋರಿಸುವುದರಿಂದ, ಅದನ್ನು ನಂಬಿ ದೀಪ ಹೆಚ್ಚಿಸಿದರೆ ವಿದ್ಯುತ್ ವೆಚ್ಚ ಏರಿ ಎಲೆಯಂಚು ಸುಡಬಹುದು. ಇಂಥವರು ಪಿಎಆರ್ ಮೀಟರನ್ನು ಗುಂಪಾಗಿ ಕೊಳ್ಳುವುದು ಸೂಕ್ತ.

ಸಂವೇದಕವನ್ನು ಎಲೆಯ ಮಟ್ಟದಲ್ಲಿ ಮೇಲ್ಮುಖವಾಗಿರಿಸಿ, ನಡುಭಾಗ ಹಾಗೂ ನಾಲ್ಕು ಮೂಲೆಗಳ ಸರಾಸರಿಯನ್ನು ಪರಿಗಣಿಸಿರಿ.